ಎಲೆಮಾಡಿನ ಕೆಳಗೆ ಏಳು ದಿನ

ಕನ್ನಡ ಬೈಬಲಿನ ಹಳೆಯ ಅನುವಾದದಲ್ಲಿ ಯೆಹೂದ್ಯರ ಸುಕ್ಕೋತ್ ಹಬ್ಬಕ್ಕೆ ‘ಪರ್ಣಶಾಲೆಗಳ ಜಾತ್ರೆ’ ಎಂಬ ಹೆಸರಿದೆ. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಅಮ್ಮ ಯಾಜಕಕಾಂಡದ 23ನೆಯ ಅಧ್ಯಾಯವನ್ನು ಓದುವಾಗ ಈ ಮಾತು ಕಿವಿಗೆ ಬಿದ್ದರೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಪಂಚವಟಿ. ಬಯಲಾಟಗಳಲ್ಲಿ ರಾಮನ ವನವಾಸವನ್ನು ನೋಡಿ ಬೆಳೆದ ನಮ್ಮೂರಿನ ಮಕ್ಕಳಿಗೆ ಪರ್ಣಶಾಲೆಯೆಂದರೆ ರಾಜ್ಯವನ್ನು ಬಿಟ್ಟು ಬಂದವರ ಮನೆ, ನಾರುಮಡಿ ಉಟ್ಟವರ ಮನೆ. ಇಸ್ರಾಯೇಲರೂ ಏನನ್ನೋ ಕಳೆದುಕೊಂಡ ದುಃಖದಲ್ಲಿ ವರ್ಷಕ್ಕೊಮ್ಮೆ ಎಲೆಯ ಗುಡಿಸಲಿನಲ್ಲಿ ಹೋಗಿ ಕೂರುತ್ತಾರೆ ಎಂದು ನಾನು ತಿಳಿದುಕೊಂಡಿದ್ದೆ. ಆ ತಿಳಿವಳಿಕೆ ತಪ್ಪೆಂದು ಗೊತ್ತಾದದ್ದು ಮೂವತ್ತು ವರ್ಷಗಳ ಮೇಲೆ, ಜೆರುಸಲೇಮಿನ ಮೂರನೆಯ ಮಹಡಿಯ ಒಂದು ಬಾಲ್ಕನಿಯಲ್ಲಿ.

ಕರಾವಳಿಯ ಇನ್ನೂ ಅನೇಕರಂತೆ ನಾನು ಹೋಮ್ ನರ್ಸ್ ಕೆಲಸಕ್ಕೆಂದು ಇಸ್ರೇಲಿಗೆ ಹೋದವಳು. ನಾನು ನೋಡಿಕೊಳ್ಳಬೇಕಾಗಿದ್ದ ವೃದ್ಧೆಗೆ ಆಗ 84 ವರ್ಷ. ಮೊಮ್ಮಕ್ಕಳೂ ನೆರೆಯವರೂ ಅವರನ್ನು ಸವ್ತಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದುದರಿಂದ ನನಗೂ ಅವರು ಸವ್ತಾ ಆದರು. ಹೋದ ಮೊದಲ ವರ್ಷ ಯೋಮ್ ಕಿಪ್ಪುರ್, ಅಂದರೆ ದೋಷಪರಿಹಾರಕ ದಿನ, ಬಂದಾಗ ಇಡೀ ನಗರ ಉಸಿರು ಬಿಗಿಹಿಡಿದು ನಿಂತಂತಿತ್ತು. ಬೀದಿಯಲ್ಲಿ ವಾಹನಗಳ ಸುಳಿವೇ ಇರಲಿಲ್ಲ. ಸಂಜೆ ಉಪವಾಸ ಮುಗಿದು ಜನ ನೀರು ಕುಡಿದು ಎರಡು ತುತ್ತು ಉಂಡಿರಬಹುದು, ಅಷ್ಟರಲ್ಲಿ ಸುತ್ತಲಿನ ಕಟ್ಟಡಗಳಿಂದ ಸುತ್ತಿಗೆಯ ಸದ್ದು ಕೇಳತೊಡಗಿತು. ಪಾಪಕ್ಕೆ ಕ್ಷಮೆ ಬೇಡಿದ ದಿನದ ರಾತ್ರಿಯೇ ಪರ್ಣಶಾಲೆಯ ಮೊದಲ ಗೂಟವನ್ನು ನೆಡುವುದು ಅಲ್ಲಿನ ಸಂಪ್ರದಾಯ. ಯೋಮ್ ಕಿಪ್ಪುರ್ ತಿಶ್ರೀ ತಿಂಗಳ 10ನೆಯ ದಿನ, ಸುಕ್ಕೋತ್ ಅದೇ ತಿಂಗಳ 15ರಿಂದ. ಯೆಹೂದ್ಯರ ತಿಂಗಳು ಚಾಂದ್ರಮಾನದ್ದಾದ್ದರಿಂದ ಹಬ್ಬದ ಮೊದಲ ರಾತ್ರಿ ಹುಣ್ಣಿಮೆ. ಮಾರನೆಯ ದಿನ ಸವ್ತಾರ ಹಿರಿಯ ಮಗ ಕೋಲುಗಳನ್ನೂ ದಪ್ಪ ಬಟ್ಟೆಯ ಗೋಡೆಗಳನ್ನೂ ಹೊತ್ತು ಬಂದರು. ಮೇಲಿನ ಮನೆಯ ಬಾಲ್ಕನಿ ನೇರ ತಲೆಯ ಮೇಲೆ ಬರದಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ವಸತಿ ಕಟ್ಟಡಗಳು ಆ ನಗರದಲ್ಲಿವೆ. ಅವನ್ನು ಹಾಗೆ ಕಟ್ಟಿರುವುದು ವರ್ಷದಲ್ಲಿ ಈ ಏಳು ದಿನಗಳನ್ನು ನೆನಪಿಟ್ಟುಕೊಂಡು ಎಂದು ಆ ದಿನ ತಿಳಿಯಿತು.

ಗೋಡೆಯ ವಿಚಾರದಲ್ಲಿ ಶಾಸ್ತ್ರ ಬಹಳ ಉದಾರ. ಬಟ್ಟೆಯಾದರೂ ಸರಿ, ಹಲಗೆಯಾದರೂ ಸರಿ. ಕಟ್ಟಿಹಾಕಿದ ಆನೆ ಗೋಡೆಯಾದೀತೇ ಎಂಬ ಚರ್ಚೆಯನ್ನೂ ತಲ್ಮೂದು ಎಂಬ ಯೆಹೂದ್ಯ ಶಾಸ್ತ್ರಗ್ರಂಥದ ಪಂಡಿತರು ಗಂಭೀರವಾಗಿ ನಡೆಸಿದ್ದಾರೆ. ಅವರ ಎಚ್ಚರವೆಲ್ಲ ಮಾಡಿನ ಮೇಲೆ. ಪರ್ಣಶಾಲೆಗೆ ಹೀಬ್ರೂವಿನಲ್ಲಿರುವ ಸುಕ್ಕಾ ಎಂಬ ಹೆಸರೇ ಮರೆಮಾಡುವುದು, ಹೊದಿಸುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಧರ್ಮಶಾಸ್ತ್ರ ಸಂಗ್ರಹದಲ್ಲಿ ಈ ಹಬ್ಬಕ್ಕೆಂದೇ ಒಂದು ಭಾಗವಿದ್ದು, ಅದು ಅಳತೆಯ ಮಾತಿನಿಂದಲೇ ಆರಂಭವಾಗುತ್ತದೆ. ಮಾಡು 20 ಮೊಳಕ್ಕಿಂತ ಎತ್ತರವಿರಕೂಡದು, ಹತ್ತು ಅಂಗೈ ಅಗಲಕ್ಕಿಂತ ತಗ್ಗಿರಕೂಡದು, ಒಳಗೆ ನೆರಳಿಗಿಂತ ಬಿಸಿಲು ಹೆಚ್ಚಾಗಕೂಡದು. ಹೊದಿಸುವ ವಸ್ತು ನೆಲದಲ್ಲಿ ಬೆಳೆದದ್ದಾಗಿರಬೇಕು, ಆದರೆ ನೆಲದ ಸಂಬಂಧ ಕಡಿದುಹೋಗಿರಬೇಕು. ಆದ್ದರಿಂದ ದಟ್ಟವಾದ ಮರದ ಅಡಿಯಲ್ಲಿ ಕೂತರೆ ಅದು ಪರ್ಣಶಾಲೆಯಾಗುವುದಿಲ್ಲ, ಬಟ್ಟೆಯ ಡೇರೆಯ ಅಡಿಯಲ್ಲಿ ಕೂತರೂ ಆಗುವುದಿಲ್ಲ. ಈಚಿನ ಕನ್ನಡ ಅನುವಾದಗಳ ‘ಗುಡಾರಗಳ ಹಬ್ಬ’ ಎಂಬ ಹೆಸರು ನನಗೆ ಒಪ್ಪಿಗೆಯಾಗದಿರುವುದು ಇದಕ್ಕಾಗಿಯೇ. ಹಳೆಯ ಅನುವಾದಕರು ಪರ್ಣವೆಂಬ ಮಾತನ್ನು ಉಳಿಸಿಕೊಂಡು ಹಬ್ಬದ ಜೀವವನ್ನೇ ಉಳಿಸಿಕೊಂಡರು.

20 ಮೊಳದ ಮಿತಿ ಏಕೆ ಎಂಬುದಕ್ಕೆ ತಲ್ಮೂದು ಒಂದಕ್ಕಿಂತ ಹೆಚ್ಚು ಕಾರಣ ಕೊಡುತ್ತದೆ. ಅಷ್ಟು ಎತ್ತರವಾದರೆ ಕೂತವನ ಕಣ್ಣು ಮಾಡಿನ ಮೇಲೆ ಬೀಳುವುದಿಲ್ಲ, ತಾನು ಎಂಥ ಸೂರಿನ ಕೆಳಗಿದ್ದೇನೆ ಎಂಬುದೇ ಅವನಿಗೆ ಮರೆತುಹೋಗುತ್ತದೆ ಎಂದು ರಬ್ಬಾ ಎಂಬ ಪಂಡಿತರು ಹೇಳುತ್ತಾರೆ. ರಾವಾ ಎಂಬ ಇನ್ನೊಬ್ಬರ ಕಾರಣ ಬೇರೆ: ಅಷ್ಟು ಎತ್ತರದ ಮಾಡು ನಿಲ್ಲಬೇಕಾದರೆ ಗಟ್ಟಿ ಕಟ್ಟಡವನ್ನೇ ಕಟ್ಟಬೇಕಾಗುತ್ತದೆ, ಆದರೆ ಧರ್ಮಶಾಸ್ತ್ರ ಹೇಳುವುದು ಏಳು ದಿನ ಸ್ಥಿರವಾದ ಮನೆಯನ್ನು ಬಿಟ್ಟು ಅಸ್ಥಿರವಾದ ಮನೆಯಲ್ಲಿ ಇರು ಎಂದು. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹಬ್ಬದ ತಿರುಳು ಕೈಗೆ ಸಿಕ್ಕಂತಾಯಿತು. ಮಾಡು ದುರ್ಬಲವಾಗಿರಬೇಕು; ಅದರ ದೌರ್ಬಲ್ಯ ತಲೆಯೆತ್ತಿದರೆ ಕಾಣುವಷ್ಟು ಹತ್ತಿರದಲ್ಲೂ ಇರಬೇಕು. ನಮ್ಮ ಕಾಂಕ್ರೀಟಿನ ಮನೆಗಳೂ ಒಂದು ಲೆಕ್ಕದಲ್ಲಿ ಅಸ್ಥಿರವೇ, ಆದರೆ ಅವುಗಳ ಅಸ್ಥಿರತೆ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿದೆ.

ಹಾಗಾದರೆ ಈ ಗುಡಿಸಲು ಯಾವುದರ ನೆನಪು? ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡುಗಡೆಯಾದ ಪೂರ್ವಜರು ಮರುಭೂಮಿಯಲ್ಲಿ ಪರ್ಣಶಾಲೆಗಳಲ್ಲಿದ್ದರು ಎಂಬುದು ಮುಂದಿನ ಸಂತತಿಗೆ ತಿಳಿಯಲಿ ಎಂದು ಯಾಜಕಕಾಂಡ ಹೇಳುತ್ತದೆ. ತಲ್ಮೂದಿನಲ್ಲಿ ರಬ್ಬಿ, ಅಂದರೆ ಧರ್ಮಗುರು, ಅಕೀವಾ ಇದನ್ನು ನಿಜವಾದ ಗುಡಿಸಲುಗಳೆಂದೇ ತಿಳಿಯುತ್ತಾರೆ. ರಬ್ಬಿ ಎಲೀಯೆಜರ್ ಅವು ಜನರನ್ನು ಸುತ್ತುವರಿದಿದ್ದ ದೇವರ ಮಹಿಮೆಯ ಮೇಘಗಳು ಎನ್ನುತ್ತಾರೆ. ಇಬ್ಬರ ಮಾತೂ ಒಂದೇ ಗುಡಿಸಲಿನೊಳಗೆ ಹಿಡಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಎಲೆಯನ್ನು ನೋಡುವವರಿಗೆ ಅದು ಎಲೆ, ಎಲೆಯ ಸಂದಿನಲ್ಲಿ ಕಾಣುವುದನ್ನು ನೋಡುವವರಿಗೆ ಮೇಘ.

ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ ಬೇರೆ. ಬಿಡುಗಡೆ ಆದದ್ದು ವಸಂತದಲ್ಲಿ, ಆ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ಕಾಲದಲ್ಲಿ. ಆ ಗುಡಿಸಲುಗಳ ನೆನಪನ್ನು ಆರು ತಿಂಗಳು ಕಳೆದು ಶರತ್ಕಾಲದಲ್ಲಿ ಆಚರಿಸುವುದೇಕೆ? 14ನೆಯ ಶತಮಾನದ ಯಾಕೋಬ್ ಬೆನ್ ಆಶೇರ್ ಎಂಬ ಧರ್ಮಶಾಸ್ತ್ರಜ್ಞರು ಕೊಡುವ ಉತ್ತರ ರೈತರ ಮನೆಯಲ್ಲಿ ಹುಟ್ಟಿದವರಿಗೆ ಕೂಡಲೇ ಮನಸ್ಸಿಗೆ ಇಳಿಯುವಂಥದ್ದು. ಬೇಸಗೆ ಆರಂಭವಾಗುವಾಗ ಜನ ಹೇಗೂ ನೆರಳಿಗೆಂದು ಚಪ್ಪರ ಹಾಕಿಕೊಂಡು ಹೊರಗೆ ಇರುತ್ತಾರೆ; ಆಗ ಅದು ದೇವರ ಮಾತಿಗಾಗಿ ಮಾಡಿದ್ದೆಂದು ಯಾರಿಗೂ ತೋರುವುದಿಲ್ಲ. ಚಳಿಗೂ ಮಳೆಗೂ ಹೆದರಿ ಎಲ್ಲರೂ ಒಳಗೆ ಹೋಗುವ ಕಾಲದಲ್ಲಿ ಹೊರಗೆ ಬಂದರೆ ಮಾತ್ರ ಅದಕ್ಕೆ ಅರ್ಥ. ಅವರಿಗಿಂತ ಇನ್ನೂರು ವರ್ಷ ಹಿಂದೆ ಫ್ರಾನ್ಸಿನಲ್ಲಿದ್ದ, ರಾಶಿ ಎಂಬ ಪ್ರಸಿದ್ಧ ವ್ಯಾಖ್ಯಾನಕಾರರ ಮೊಮ್ಮಗ ಸಮುವೇಲ್ ಬೆನ್ ಮೇಯಿರ್ ಇನ್ನೂ ಆಳಕ್ಕೆ ಹೋಗುತ್ತಾರೆ. ಈ ಹಬ್ಬಕ್ಕೆ ಫಲಸಂಗ್ರಹದ ಹಬ್ಬವೆಂಬ ಹೆಸರೂ ಇದೆಯಷ್ಟೆ. ಕಣದಿಂದ ಧಾನ್ಯ ಮನೆಗೆ ಬಂದಿದೆ, ದ್ರಾಕ್ಷಾರಸ ತುಂಬಿದೆ, ಅಂಜೂರವೂ ಖರ್ಜೂರವೂ ಒಣಗಿ ಮನೆ ಸೇರಿವೆ. ‘ಇದೆಲ್ಲ ನನ್ನ ತೋಳಿನ ಬಲದಿಂದ ಆದದ್ದು’ ಎಂದು ಮನಸ್ಸು ಹೇಳಿಕೊಳ್ಳುವುದು ಆಗಲೇ. ತುಂಬಿದ ಆ ಮನೆಯಿಂದ ಆ ಹೊತ್ತಿನಲ್ಲಿಯೇ ಹೊರಗೆ ಬಂದು, ನೆಲವೂ ಮನೆಯೂ ಇಲ್ಲದಿದ್ದ ಹಿರಿಯರನ್ನು ನೆನೆಯಬೇಕು ಎಂದು ಅವರ ವ್ಯಾಖ್ಯಾನ.

ಇಲ್ಲಿಗೆ ನನ್ನ ಬಾಲ್ಯದ ಪಂಚವಟಿ ಕದಲಿಹೋಯಿತು. ನಮ್ಮ ಪರ್ಣಶಾಲೆಗೆ ಹೋಗುವವರು ಬಿಟ್ಟು ಹೋಗುವವರು. ಈ ಪರ್ಣಶಾಲೆಗೆ ಹೋಗುವವರು ಕಣಜ ತುಂಬಿದ ಗೃಹಸ್ಥರು, ಮಕ್ಕಳನ್ನು ಕರೆದುಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಒಳ್ಳೆಯ ಪಾತ್ರೆಗಳನ್ನು ತೆಗೆದುಕೊಂಡು ಹೋಗುತ್ತಾರೆ. ಏಳು ದಿನ ಸುಕ್ಕಾವೇ ಸ್ಥಿರವಾದ ಮನೆ, ಮನೆಯೇ ಅಸ್ಥಿರ ಎಂಬಂತೆ ನಡೆದುಕೊಳ್ಳಬೇಕೆಂದು ಮಿಷ್ನಾ ಹೇಳುತ್ತದೆ. ಉಪವಾಸವನ್ನೂ ಕಣ್ಣೀರನ್ನೂ ಐದು ದಿನ ಹಿಂದೆಯೇ ಮುಗಿಸಿ ಬಂದಾಗಿದೆ. ಪ್ರಾರ್ಥನೆಯಲ್ಲಿ ಈ ಹಬ್ಬದ ಹೆಸರು ‘ನಮ್ಮ ಸಂತೋಷದ ಕಾಲ’. ಧರ್ಮೋಪದೇಶಕಾಂಡವಂತೂ ಸಂತೋಷಪಡಬೇಕೆಂದು ಆಜ್ಞೆಯನ್ನೇ ಮಾಡುತ್ತದೆ. ಮಗ, ಮಗಳು, ದಾಸ, ದಾಸಿ, ಲೇವಿಯ, ಪರದೇಶಿ, ಅನಾಥ, ವಿಧವೆ ಎಂದು ಆ ಸಂತೋಷದಲ್ಲಿ ಯಾರು ಯಾರು ಇರಬೇಕೆಂಬುದನ್ನೂ ಹೆಸರಿಸುತ್ತದೆ. 12ನೆಯ ಶತಮಾನದ ಮೈಮೊನಿಡೀಸ್ ಎಂಬ ಧರ್ಮಶಾಸ್ತ್ರಜ್ಞರು ಇದನ್ನು ಎಷ್ಟು ಕಟುವಾಗಿ ತೆಗೆದುಕೊಂಡರೆಂದರೆ, ಅಂಗಳದ ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳೊಡನೆ ಮಾತ್ರ ಉಣ್ಣುವವನದು ಧರ್ಮದ ಸಂತೋಷವೇ ಅಲ್ಲ, ಹೊಟ್ಟೆಯ ಸಂತೋಷ ಎಂದು ಬರೆದರು.

ಪರದೇಶಿ ಎಂಬ ಆ ಮಾತಿನ ಬಳಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ಪರ್ಣಶಾಲೆಯಲ್ಲಿ ವಾಸಿಸುವ ಆಜ್ಞೆ ಯಾಜಕಕಾಂಡದಲ್ಲಿ ಇರುವುದು ಆ ನೆಲದವರಿಗೆ, ಅಲ್ಲಿಯೇ ಹುಟ್ಟಿ ಬೇರುಬಿಟ್ಟವರಿಗೆ. ಸಂತೋಷದ ಊಟಕ್ಕೆ ಕರೆ ಇರುವುದು ಬೇರಿಲ್ಲದವರಿಗೂ ಸೇರಿ. ಬೇರೆಯವರ ಮನೆಯ ಒಂದು ಕೋಣೆಯಲ್ಲಿ, ಬೇರೆಯವರ ಗಡಿಯಾರಕ್ಕೆ ಎಚ್ಚರಗೊಂಡು ವರ್ಷಗಟ್ಟಲೆ ಬದುಕಿದವಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಆ ಮನೆಯಲ್ಲಿ ಅಸ್ಥಿರಳಾಗಿದ್ದವಳು ನಾನೊಬ್ಬಳೇ. ಆ ಏಳು ದಿನ ಮಾತ್ರ ಮನೆಯ ಯಜಮಾನರೂ ನನ್ನಂತೆಯೇ ತಾತ್ಕಾಲಿಕ ಸೂರಿನ ಕೆಳಗೆ ಬಂದು ಕೂರುತ್ತಿದ್ದರು, ಮತ್ತು ಮೇಜಿನ ಒಂದು ಬದಿಯಲ್ಲಿ ನನಗೂ ಕುರ್ಚಿ ಇರುತ್ತಿತ್ತು. ಪ್ರತಿ ರಾತ್ರಿ ಊಟಕ್ಕೆ ಮೊದಲು ಅಬ್ರಹಾಮ, ಇಸಾಕ, ಯಾಕೋಬ, ಮೋಶೆ, ಆರೋನ, ಯೋಸೇಫ, ದಾವೀದ ಎಂಬ ಏಳು ಅತಿಥಿಗಳನ್ನು ಕರೆಯುವ ಪದ್ಧತಿಯೂ ಇದೆ. ಕಾಣದ ಆ ಅತಿಥಿಗಳ ಪಾಲು ಬಡವರಿಗೆ ಸಲ್ಲಬೇಕೆಂದು ಜೋಹರ್ ಎಂಬ ಅನುಭಾವ ಗ್ರಂಥ ಹೇಳುತ್ತದೆ.

ಹಬ್ಬದ ಮತ್ತೊಂದು ಮುಖ ಕೈಯಲ್ಲಿ ಹಿಡಿಯುವ ನಾಲ್ಕು ಬೆಳೆಗಳು: ಖರ್ಜೂರದ ಸುಳಿ, ಮಿರ್ಟಲ್ ಗಿಡದ ಮೂರು ಕಡ್ಡಿ, ನೀರಂಜಿಯ (ವಿಲ್ಲೋ ಮರದ) ಎರಡು ಕಡ್ಡಿ, ಎತ್ರೋಗ್ ಎಂಬ ಹಣ್ಣು. ಸವ್ತಾರ ಮಗ ಸೆಣಬಿನಂಥ ನಾರಿನಲ್ಲಿ ಸುತ್ತಿದ ಎತ್ರೋಗನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಅಂಗೈ ಮೇಲೆ ಇಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಅದು ಮಾದಲ ಹಣ್ಣು. ನಮ್ಮ ಹಿತ್ತಿಲಿನಲ್ಲಿ ಅಮ್ಮ ಉಪ್ಪಿನಕಾಯಿಗೆ ಕೀಳುತ್ತಿದ್ದ ಅದೇ ದಪ್ಪ ಸಿಪ್ಪೆ, ಅದೇ ಪರಿಮಳ; ಆ ಗಿಡದ ಮೂಲವೂ ಹಿಮಾಲಯದ ತಪ್ಪಲಿನ ಕಡೆಯದು. ಎತ್ರೋಗಿಗೆ ರುಚಿಯೂ ಉಂಟು, ಪರಿಮಳವೂ ಉಂಟು. ಖರ್ಜೂರಕ್ಕೆ ರುಚಿ ಮಾತ್ರ, ಮಿರ್ಟಲಿಗೆ ಪರಿಮಳ ಮಾತ್ರ, ನೀರಂಜಿಗೆ ಎರಡೂ ಇಲ್ಲ. ಜ್ಞಾನವೂ ಸತ್ಕರ್ಮವೂ ಉಳ್ಳವರು, ಒಂದು ಮಾತ್ರ ಉಳ್ಳವರು, ಒಂದೂ ಇಲ್ಲದವರು ಹೀಗೆಯೇ ಇದ್ದಾರೆ, ದೇವರು ಅವರನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ ಒಬ್ಬರ ಕೊರತೆಯನ್ನು ಇನ್ನೊಬ್ಬರಿಂದ ತುಂಬಿಸುತ್ತಾನೆ ಎಂದು ಮಿದ್ರಾಶ್ ಎಂಬ ಪ್ರಾಚೀನ ವ್ಯಾಖ್ಯಾನ ವಿವರಿಸುತ್ತದೆ. ನೀರಂಜಿಯ ಕಡ್ಡಿ ಇಲ್ಲದೆ ಆ ಕಟ್ಟು ಶಾಸ್ತ್ರಕ್ಕೆ ಸಲ್ಲುವುದೇ ಇಲ್ಲ. ಕ್ರಿ.ಶ. 132ರಿಂದ 135ರ ವರೆಗೆ ರೋಮನರ ವಿರುದ್ಧ ನಡೆದ ದಂಗೆಯ ನಾಯಕ ಬಾರ್ ಕೋಖ್ಬಾ, ಯುದ್ಧದ ನಡುವೆ ಎರಡು ಕತ್ತೆಗಳನ್ನು ಕಳಿಸಿ ಪಾಳೆಯಕ್ಕೆ ಈ ನಾಲ್ಕು ಬೆಳೆಗಳನ್ನು ತರಿಸಿಕೊಡಿ ಎಂದು ಬರೆಸಿದ ಪತ್ರ 1960ರ ದಶಕದ ಆರಂಭದಲ್ಲಿ ಮೃತಸಮುದ್ರದ ಬಳಿಯ ಒಂದು ಗುಹೆಯಲ್ಲಿ ಸಿಕ್ಕಿದೆ.

ನಮ್ಮ ಕರಾವಳಿಯನ್ನೂ ಈ ಹಬ್ಬದ ಜನ ಬಲ್ಲರು. ಟುನೀಸಿಯದ ಮಹ್ದಿಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ 1132ರಿಂದ 1149ರ ವರೆಗಿನ ಬಹುಪಾಲು ವರ್ಷಗಳನ್ನು ಮಂಗಳೂರಿನಲ್ಲಿ ಕಳೆದರು. ಅವರ ಹಿತ್ತಾಳೆ ಕಾರ್ಖಾನೆಯ ಲೆಕ್ಕಗಳೂ ಏಡನ್ ಬಂದರಿನ ಗೆಳೆಯರು ಬರೆದ ಕಾಗದಗಳೂ ಹಳೆಯ ಕೈರೋದ ಸಿನಗಾಗಿನ, ಅಂದರೆ ಯೆಹೂದ್ಯರ ಪ್ರಾರ್ಥನಾಮಂದಿರದ, ಕೋಣೆಯೊಂದರಲ್ಲಿ ಉಳಿದು ಬಂದಿವೆ. ತಿಶ್ರೀ ತಿಂಗಳ ಹುಣ್ಣಿಮೆ ಮಂಗಳೂರಿನಲ್ಲಿ ಮಳೆಗಾಲದ ಬಾಲ ಇನ್ನೂ ಬಿಡದ ಕಾಲ, ಸಂಜೆಯಾದರೆ ಗುಡುಗು. ತೆಂಗಿನ ಮಡಲು ಹೆಣೆದು ಹೊದಿಸಿದ ಚಪ್ಪರದಲ್ಲಿ ಅವರು ಕೂತಿರುವುದನ್ನು, ಆಗ ಹನಿ ಬೀಳತೊಡಗುವುದನ್ನು ನಾನು ಅನೇಕ ಸಲ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೇನೆ.

ಮಳೆ ಬಂದರೆ ಏನು ಮಾಡಬೇಕು ಎಂಬುದಕ್ಕೂ ಮಿಷ್ನಾದಲ್ಲಿ ಉತ್ತರವಿದೆ, ಮತ್ತು ಈ ಹಬ್ಬವನ್ನು ನಾನು ಪ್ರೀತಿಸತೊಡಗಿದ್ದು ಆ ಉತ್ತರದಿಂದ. ಬಟ್ಟಲಿನ ಗಂಜಿ ಕೆಡುವಷ್ಟು ಮಳೆ ಬಿದ್ದರೆ ಎದ್ದು ಒಳಗೆ ಹೋಗಬಹುದು. ಯಜಮಾನನಿಗೆ ಪಾನ ಬೆರೆಸಿ ಕೊಡಲು ಬಂದ ಸೇವಕನ ಮುಖಕ್ಕೆ ಯಜಮಾನ ನೀರು ಎರಚಿದಂತೆ ಅದು ಎಂದು ಒಂದು ಸಂಕಟದ ಹೋಲಿಕೆಯನ್ನೂ ಕೊಡುತ್ತದೆ. ಆದರೂ ನೆನೆಯುತ್ತ ಕೂತುಕೊ ಎಂದು ಹೇಳುವುದಿಲ್ಲ. ಬಾಧೆಪಡುವವನಿಗೆ ಸುಕ್ಕಾದ ಕಟ್ಟುಪಾಡು ಇಲ್ಲ ಎಂಬುದು ತಲ್ಮೂದಿನ ಸೂತ್ರ. ವಿನಾಯಿತಿ ಇದ್ದೂ ಮಳೆಯಲ್ಲಿ ಹಟ ಹಿಡಿದು ಕೂರುವವನಿಗೆ ಪುಣ್ಯವೂ ಇಲ್ಲ, ಅವನು ತಿಳಿಯದವನು ಎಂದು 16ನೆಯ ಶತಮಾನದ ಪೋಲೆಂಡಿನ ರಬ್ಬಿ ಮೋಶೆ ಇಸ್ಸರ್ಲೆಸ್ ಕಡ್ಡಿ ಮುರಿದಂತೆ ಬರೆದಿದ್ದಾರೆ. ದೇಹವನ್ನು ದಂಡಿಸಿದಷ್ಟೂ ದೇವರಿಗೆ ಪ್ರಿಯ ಎಂಬ ಭಾವನೆ ನಾನು ಬೆಳೆದ ಪ್ರಾರ್ಥನಾಸಭೆಗಳಲ್ಲಿಯೂ ಇತ್ತು, ಸುತ್ತಲಿನ ವ್ರತನೇಮಗಳಲ್ಲಿಯೂ ಇತ್ತು. ಇಲ್ಲಿ ಒಂದು ಧರ್ಮಶಾಸ್ತ್ರ ಮನುಷ್ಯನನ್ನು ಭದ್ರವಾದ ಮನೆಯಿಂದ ಹೊರಗೆ ಕರೆಯುತ್ತದೆ, ಆದರೆ ನೋವಿಗೆ ಕರೆಯುವುದಿಲ್ಲ. ಅಭದ್ರವಾದದ್ದರೊಳಗೆ ಸಂತೋಷದಿಂದ ಇರಲು ಸಾಧ್ಯವೇ ಎಂಬುದಷ್ಟೇ ಅದರ ಪರೀಕ್ಷೆ.

ಆ ಪರೀಕ್ಷೆ ಆ ನಾಡಿನ ನೆಲಕ್ಕೂ ಇದೆ. ಅಲ್ಲಿ ಬೇಸಗೆಯಲ್ಲಿ ಒಂದು ಹನಿ ಮಳೆಯಿಲ್ಲ. ಸುಕ್ಕೋತ್ ಬರುವಾಗ ಬಾವಿಗಳು ಕೆಳಗಿಳಿದಿರುತ್ತವೆ, ಎಲ್ಲರಿಗೂ ಮಳೆ ಬೇಕು, ಆದರೂ ಹಬ್ಬದ ದಿನಗಳಲ್ಲಿ ಬಂದರೆ ಅಪಶಕುನವೆಂದು ಮಳೆಯನ್ನು ನೆನೆಯುವ ಪ್ರಾರ್ಥನೆಯನ್ನು ಎಂಟನೆಯ ದಿನದ ವರೆಗೆ ತಡೆಹಿಡಿಯುತ್ತಾರೆ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಗುವ ತನಕ, ನೀರಿಗೆ ಅತಿ ಬರವಿದ್ದ ಈ ದಿನಗಳಲ್ಲಿಯೇ ಶಿಲೋವ ಬುಗ್ಗೆಯಿಂದ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರು. ಆ ರಾತ್ರಿಗಳ ಸಂಭ್ರಮವನ್ನು ನೋಡದವನು ಸಂಭ್ರಮವನ್ನೇ ನೋಡಿಲ್ಲ ಎಂದು ಮಿಷ್ನಾ ಹೇಳುತ್ತದೆ. ಯಾಜಕರ ಸವೆದ ಉಡುಪುಗಳನ್ನು ಹರಿದು ಬತ್ತಿ ಮಾಡಿ ಆ ರಾತ್ರಿಯ ದೊಡ್ಡ ದೀಪಗಳಿಗೆ ಹಾಕುತ್ತಿದ್ದರಂತೆ.

ಹಬ್ಬದ ಸಬ್ಬತ್ತಿನ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಅನೇಕ ಸಮುದಾಯಗಳಲ್ಲಿ ಬೈಬಲಿನ ಪ್ರಸಂಗಿಯ ಗ್ರಂಥವನ್ನು ಓದುತ್ತಾರೆ. ಕನ್ನಡದಲ್ಲಿ ನಾವು ‘ವ್ಯರ್ಥ’ ಎಂದು ಓದುವ ಮಾತು ಹೀಬ್ರೂ ಮೂಲದಲ್ಲಿ ‘ಹೆವೆಲ್’ ಎಂದಿದೆ. ಹೆವೆಲ್ ಎಂದರೆ ಉಸಿರು, ಬಾಯಿಂದ ಹೊರಟು ಮಾಯವಾಗುವ ಆವಿ ಎಂದು ಸವ್ತಾ ಒಮ್ಮೆ ನನಗೆ ಬಿಡಿಸಿ ಹೇಳಿದರು. ಎಲ್ಲವೂ ವ್ಯರ್ಥವೆಂದರೆ ಮನಸ್ಸು ಕುಗ್ಗುತ್ತದೆ. ಎಲ್ಲವೂ ಉಸಿರೆಂದು ಓದಿಕೊಂಡರೆ ಅದೇ ವಾಕ್ಯ ಸುಕ್ಕಾದ ಒಳಗೆ ಕೂತು ಕೇಳಬಹುದಾದ ಮಾತಾಗುತ್ತದೆ.

ನಾನಿದ್ದ ಕೊನೆಯ ವರ್ಷ ಸವ್ತಾ ಹಾಸಿಗೆ ಹಿಡಿದಿದ್ದರು. ಈ ಸಲ ಬಾಲ್ಕನಿಗೆ ಹೋಗುವುದು ಬೇಡ, ರೋಗಿಗಳಿಗೂ ರೋಗಿಗಳ ಸೇವೆ ಮಾಡುವವರಿಗೂ ಸುಕ್ಕಾದ ಕಟ್ಟುಪಾಡು ಇಲ್ಲವೆಂದು ಮಿಷ್ನಾದಲ್ಲಿಯೇ ಇದೆಯಲ್ಲ ಎಂದು ಮಗ ನೆನಪಿಸಿದರು. ಸಾವಿರದ ಎಂಟುನೂರು ವರ್ಷಗಳ ಹಿಂದಿನ ಶಾಸ್ತ್ರದ ಒಂದು ಸಾಲಿನಲ್ಲಿ ರೋಗಿಯ ಬದಿಯಲ್ಲಿ ಕೂತಿರುವವಳಿಗೂ ಜಾಗವಿದೆ ಎಂದು ನನಗೆ ಗೊತ್ತಾದದ್ದು ಆಗ. ಸವ್ತಾ ಕಣ್ಣು ತೆರೆದು, “ಹೆಂಗಸೆಂದು ಒಂದು, ರೋಗಿಯೆಂದು ಒಂದು, ನನಗೆ ಎರಡು ವಿನಾಯಿತಿ. ನೀನು ಯೆಹೂದ್ಯಳೂ ಅಲ್ಲ, ನಿನಗೆ ಮೂರು. ಹೋಗಲೇಬೇಕಾದವರು ಇಲ್ಲಿ ಇವನೊಬ್ಬನೇ. ಆದರೂ ನನ್ನನ್ನು ಕರೆದುಕೊಂಡು ಹೋಗು ಮಗಳೇ” ಎಂದರು.

ಅದು ಏಳನೆಯ ದಿನದ ಮಧ್ಯಾಹ್ನ. ಗಾಲಿಕುರ್ಚಿಯನ್ನು ಹೊಸ್ತಿಲು ದಾಟಿಸಿ ಒಳಗೆ ತಂದೆ. ಮೊದಲ ದಿನ ಹಸಿರಾಗಿ ದಟ್ಟವಾಗಿದ್ದ ಖರ್ಜೂರದ ಗರಿಗಳು ಒಣಗಿ, ಮುದುಡಿ, ಅಂಚು ಕಂದಾಗಿದ್ದವು. ಕಡಿದು ಹಾಕಿದ ಎಲೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತದೆ, ಸಂದುಗಳು ದೊಡ್ಡದಾಗುತ್ತವೆ; ವಾರದಲ್ಲಿ ಅತಿ ಹೆಚ್ಚು ಬೆಳಕು ಒಳಗೆ ಬಂದದ್ದು ಆ ದಿನ. ಬ್ರೆಡ್ಡಿನ ಒಂದು ಚಿಕ್ಕ ಚೂರನ್ನು ಸೂಪಿನಲ್ಲಿ ಅದ್ದಿ ಅವರ ಬಾಯಿಗೆ ಇಟ್ಟೆ. ಅಷ್ಟನ್ನೇ ಅವರು ಬಹಳ ಹೊತ್ತು ಅಗಿದರು. ಒಂದು ಒಣ ಎಸಳು ಉದುರಿ ಅವರ ಹೊದಿಕೆಯ ಮೇಲೆ ಬಿದ್ದಾಗ ತೆಗೆಯಲು ಕೈ ಚಾಚಿದೆ, ಇರಲಿ ಎಂದು ಅವರು ಕೈಸನ್ನೆ ಮಾಡಿದರು. ಆಮೇಲೆ ತಲೆಯನ್ನು ಹಿಂದಕ್ಕೆ ಒರಗಿಸಿ, ನನ್ನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು, ಬಿಸಿಲು ಗೋಡೆಯ ಬಟ್ಟೆಯಿಂದ ಕೆಳಗೆ ಇಳಿಯುವ ತನಕ ಮಾಡನ್ನು ನೋಡುತ್ತ ಕೂತರು.